ಎರಡೂವರೆ ಎಕರೆ ಮೆಕ್ಕೆಜೋಳಕ್ಕೆ ಹತ್ತು ಮೋಹಕ ಬಲೆ: ಒಂದು ಮುಂಗಾರು ಬಳಸಿ ನೋಡಿದ್ದು

ನಮ್ಮ ಮನೆಯ ಹಾಲಿನ ಪುಸ್ತಕದಲ್ಲಿ ಈ ಮುಂಗಾರಿಗೆ ಎರಡು ಲೆಕ್ಕ ಇವೆ. ಒಂದು ಡೇರಿಗೆ ಹಾಕಿದ ಹಾಲಿನದು. ಅದರ ಪಕ್ಕ ಪೆನ್ಸಿಲ್ಲಿನಲ್ಲಿ ಬರೆದ ಸಣ್ಣ ಅಂಕಿಗಳು ಇನ್ನೊಂದು. ಡೇರಿಯಲ್ಲಿ ಹಾಲು ಅಳೆಯುವ ಹುಡುಗ ಜುಲೈ 5ರ ಸಾಲು ನೋಡಿ, "ಇದೇನಕ್ಕಾ, ನಲವತ್ತೊಂದು ಲೀಟರಾ?" ಎಂದು ಕಣ್ಣು ಬಿಟ್ಟ. ನಮ್ಮ ಎರಡು ಹಸು ಸೇರಿ ಹೊತ್ತಿಗೆ ಒಂಬತ್ತು ಲೀಟರ್ ಕೊಟ್ಟರೆ ಅದೇ ಹೆಚ್ಚು. ಆ ನಲವತ್ತೊಂದು ಹಾಲಲ್ಲ. ಒಂದು ರಾತ್ರಿಯಲ್ಲಿ ನಮ್ಮ ಹೊಲದ ಬಲೆಗಳಿಗೆ ಬಿದ್ದ ಚಿಟ್ಟೆ.

ಪತಂಗ ಅನ್ನಬೇಕು ಎಂದು ಮಗಳು ತಿದ್ದುತ್ತಾಳೆ. ಅವಳು ಪಿಯುಸಿಯಲ್ಲಿ ಸೈನ್ಸ್. ಇರಲಿ, ಊರಲ್ಲಿ ಎಲ್ಲರೂ ಚಿಟ್ಟೆ ಅಂತಲೇ ಅನ್ನೋದು. ಮೆಕ್ಕೆಜೋಳದ ಸುಳಿ ತಿನ್ನುವ ಲದ್ದಿ ಹುಳ ಇದೆಯಲ್ಲ, ಅದರ ಚಿಟ್ಟೆ.

ನಮ್ಮದು ಜಗಳೂರು ಕಡೆ. ಕೆಂಪು ಮಸಾರೆ ಹೊಲ, ಎರಡೂವರೆ ಎಕರೆ, ಮಳೆ ನಂಬಿದ ಬೇಸಾಯ. ಹೋದ ವರ್ಷ ಇದೇ ಹೊಲಕ್ಕೆ ಮೂರು ಸಲ ಎಣ್ಣೆ, ಅಂದರೆ ಹುಳ ಕೊಲ್ಲುವ ಔಷಧಿ, ಹೊಡೆಸಿದ್ದೆವು. ಒಂದೊಂದು ಸಲಕ್ಕೂ ಔಷಧಿ, ಆಳು ಎಲ್ಲ ಸೇರಿ ಎಕರೆಗೆ ಸಾವಿರದ ಮೇಲೆ ಹೋಯಿತು. ಮೂರರಲ್ಲಿ ಎರಡು ಸಲ ಹೊಡೆದಿದ್ದು ಯಾಕೆ ಅಂದರೆ, ಪಕ್ಕದ ಹೊಲದವರು ಹೊಡೆಸಿದರು ಅಂತ. ಸುಮ್ನೆ ಭಯಕ್ಕೆ. ಈ ವರ್ಷ ಹಾಗೆ ಮಾಡಬಾರದು ಅಂತ ಮೋಹಕ ಬಲೆ ಕೊಂಡೆ. ಅದರ ಬಗ್ಗೆಯೇ ಈ ಬರಹ.

ಕೊಂಡಿದ್ದು ಇಷ್ಟು. ಹತ್ತು ಬಲೆ, ಒಂದಕ್ಕೆ 65 ರೂಪಾಯಿ. ಅದರೊಳಗೆ ತೂಗುಹಾಕುವ ಲೂರು ಹತ್ತು, ಒಂದಕ್ಕೆ 40. ಬಲೆ ಅಂದರೆ ಜಾಲರಿ ಬಲೆಯಲ್ಲ. ಸೀಮೆಎಣ್ಣೆ ಹಾಕುವ ಆಲಿಕೆಯಂಥ ಒಂದು ಪ್ಲಾಸ್ಟಿಕ್ಕು. ಮೇಲೆ ಮಳೆ ಬೀಳದಂತೆ ತಟ್ಟೆಯಂಥ ಹಳದಿ ಮುಚ್ಚಳ. ಕೆಳಗೆ ಮೊಣಕೈಯುದ್ದದ ಪಾರದರ್ಶಕ ಚೀಲ. ಮುಚ್ಚಳದ ಒಳಗಡೆ ಮಧ್ಯಕ್ಕೆ ಲೂರು ಸಿಕ್ಕಿಸಬೇಕು. ಲೂರು ನೋಡಲು ಇಂಜೆಕ್ಷನ್ ಬಾಟಲಿಯ ರಬ್ಬರ್ ಬಿರಡೆಯ ಹಾಗಿರುತ್ತದೆ. ಹೆಣ್ಣು ಚಿಟ್ಟೆ ಗಂಡನ್ನು ಕರೆಯಲು ಬಿಡುವ ವಾಸನೆ ಇದೆಯಲ್ಲ, ಅದನ್ನೇ ಕಾರ್ಖಾನೆಯಲ್ಲಿ ಮಾಡಿ ಆ ರಬ್ಬರಿಗೆ ಕುಡಿಸಿರುತ್ತಾರೆ. ನಮ್ಮ ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಗಂಡು ಚಿಟ್ಟೆ ಹುಡುಕಿಕೊಂಡು ಬರುತ್ತದೆ, ಹೆಣ್ಣು ಸಿಗುವುದಿಲ್ಲ, ಸುತ್ತಿ ಸುತ್ತಿ ಆಲಿಕೆಯೊಳಗೆ ಜಾರಿ ಚೀಲಕ್ಕೆ ಬೀಳುತ್ತದೆ. ಮತ್ತೆ ಮೇಲೆ ಬರಲು ದಾರಿ ಕಾಣುವುದಿಲ್ಲ.

ಅತ್ತೆಗೆ ಇದನ್ನು ವಿವರಿಸಿದಾಗ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಹೆಣ್ಣಿನ ವಾಸ್ನೆ ತೋರ್ಸಿ ಗಂಡು ಹಿಡಿಯಾದಾ? ಯಾರ ತಲೀಗೆ ಬಂತವ್ವಾ ಇದು!"

ಅಂಗಡಿಯವರು ಎಕರೆಗೆ ಹದಿನೈದರಂತೆ ಹಾಕಿ ಎಂದರು. ಅದು ತಪ್ಪು ಮಾತೇನಲ್ಲ. ಗಂಡು ಚಿಟ್ಟೆಗಳನ್ನು ಸಾಮೂಹಿಕವಾಗಿ ಹಿಡಿಯಲು ಎಕರೆಗೆ 15, ಬರೀ ಬಂದಿದೆಯೋ ಇಲ್ಲವೋ ತಿಳಿಯಲು 5 ಎಂದು ಕೃಷಿ ಇಲಾಖೆಯವರೂ ಹೇಳುತ್ತಾರೆ. ಆದರೆ ಅಂಗಡಿಯವರು ಅದರ ಜೊತೆಗೆ ಇನ್ನೊಂದು ಮಾತು ಸೇರಿಸಿದರು. "ಇದನ್ನ ಕಟ್ಟಿ ಆರಾಮಾಗಿ ಮಲಗಿ ಅಕ್ಕಾ, ಹುಳ ಒಂದೂ ಬರಲ್ಲ." ಈ ಮಾತೇ ಸುಳ್ಳು. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೂವತ್ತೆಂಟು ಬಲೆಗೆ ನನ್ನ ಹತ್ತಿರ ದುಡ್ಡೂ ಇರಲಿಲ್ಲ. ಹತ್ತು ತಂದೆ.

ಮೃಗಶಿರಾ ಮಳೆಗೆ, ಜೂನ್ 11ಕ್ಕೆ ಬಿತ್ತನೆ. ಜೂನ್ 20ಕ್ಕೆ ಬಲೆ ಕಟ್ಟಿದೆವು. ಪೈರಿಗಿಂತ ಒಂದಡಿ ಮೇಲಿರಬೇಕು, ಪೈರು ಬೆಳೆದ ಹಾಗೆ ಬಲೆಯನ್ನೂ ಏರಿಸುತ್ತಾ ಹೋಗಬೇಕು. ಅದಕ್ಕೆ ಉದ್ದದ ಬಿದಿರು ಗಳ ನೆಟ್ಟು ತಂತಿಯಿಂದ ಕಟ್ಟಿದೆ. ಮರುದಿನ ಬೆಳಿಗ್ಗೆ ಹಾಲು ಹಾಕಿ ಬಂದು ನೋಡಿದರೆ ಏನೂ ಇಲ್ಲ. ಅದರ ಮರುದಿನ ಒಂದು. ಆಮೇಲೆ ಸೊನ್ನೆ, ಸೊನ್ನೆ, ಎರಡು. ಹನ್ನೊಂದು ದಿನಕ್ಕೆ ಹತ್ತೂ ಬಲೆಯಿಂದ ಒಟ್ಟು ಆರು ಚಿಟ್ಟೆ. ನಾನು ಖುಷಿಯಲ್ಲಿದ್ದೆ. ಈ ವರ್ಷ ಹುಳ ಇಲ್ಲ ಅಂದುಕೊಂಡೆ.

ಜುಲೈ 1ರ ಸಂಜೆ ಅತ್ತೆ ಮೇವಿಗೆ ಹುಲ್ಲು ಕೊಯ್ಯಲು ಹೋದವರು ಮೂಡಲ ಬದುವಿನ ಸಾಲಿನಿಂದ ಒಂದು ಸುಳಿ ಕಿತ್ತುಕೊಂಡು ಬಂದರು. ಬಿಡಿಸಿದರೆ ಒಳಗೆ ಹಸಿ ಮರದ ಹೊಟ್ಟಿನಂಥ ಲದ್ದಿ, ಅದರ ಅಡಿಯಲ್ಲಿ ಹುಳ. ಅಲ್ಲಿಗೆ ನನ್ನ ಖುಷಿ ಮುಗಿಯಿತು.

ಬಲೆ ಕೆಲಸ ಮಾಡಿಲ್ಲ ಎಂದು ನಾನು ಬೈಯುತ್ತಾ ಕೂತಿದ್ದಾಗ ಮಗಳು ಲೂರಿನ ಖಾಲಿ ಕವರ್ ಎತ್ತಿಕೊಂಡು ಓದಿದಳು. ಸ್ಪೋಡೋಪ್ಟೆರಾ ಲಿಟುರಾ ಅಂತ ಇತ್ತು. ನಮ್ಮ ಹುಳದ ಹೆಸರು ಸ್ಪೋಡೋಪ್ಟೆರಾ ಫ್ರುಗಿಪರ್ಡಾ. ಮೊದಲ ಹೆಸರು ಒಂದೇ, ಮನೆತನದ ಹೆಸರು ಇದ್ದ ಹಾಗೆ. ಆದರೆ ಲಿಟುರಾ ಬೇರೆ ಹುಳ. ತಂಬಾಕಿನ ಎಲೆ ತಿನ್ನುವ ಹುಳ ಎನ್ನುತ್ತಾರೆ, ಶೇಂಗಾ, ಸೋಯಾ, ಮೆಣಸಿನಕಾಯಿ ಗಿಡಕ್ಕೂ ಬೀಳುತ್ತದೆ. ಅದರ ಹೆಣ್ಣಿನ ವಾಸನೆಯೇ ಬೇರೆ. ಆ ವಾಸನೆಗೆ ನಮ್ಮ ಲದ್ದಿ ಹುಳದ ಗಂಡು ತಿರುಗಿಯೂ ನೋಡುವುದಿಲ್ಲ. ಹನ್ನೊಂದು ದಿನ ನಾನು ಪಕ್ಕದ ಮನೆ ಬಾಗಿಲು ತಟ್ಟಿದ ಹಾಗಾಯಿತು.

ವಾಪಸ್ ಕೊಡಲು ಹೋದೆ. ಅಂಗಡಿಯವರು, "ಕವರ್ ಒಡೆದುಬಿಟ್ಟೀರಲ್ಲಕ್ಕಾ" ಎಂದರು. ಒಡೆಯದೆ ಕಟ್ಟುವುದು ಹೇಗೆ? "ಎರಡೂ ಸ್ಪೋಡೋನೇ" ಎಂದೂ ಹೇಳಿದರು. ಅವರಿಗೂ ಗೊತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಬೇಕಂತ ಮಾಡಿದ್ದಲ್ಲ. ಆದರೂ ನಾನೂರು ರೂಪಾಯಿ ಹೋಯಿತು, ಅದಕ್ಕಿಂತ ಹೆಚ್ಚಾಗಿ ಹನ್ನೊಂದು ದಿನ ಹೋಯಿತು. ಸರಿಯಾದ ಲೂರು ದಾವಣಗೆರೆಯ ಬೇರೊಂದು ಅಂಗಡಿಯಲ್ಲಿ ಸಿಕ್ಕಿತು, ಒಂದಕ್ಕೆ 45. ಹನ್ನೊಂದು ತಂದೆ, ಒಂದು ಹೆಚ್ಚಿಗೆ ಇರಲಿ ಅಂತ. ಈ ಸಲ ಕನ್ನಡಕ ಹಾಕಿಕೊಂಡು ಕವರ್ ಓದಿಯೇ ದುಡ್ಡು ಕೊಟ್ಟಿದ್ದು.

ಜುಲೈ 2ರ ಸಂಜೆ ಹೊಸ ಲೂರು ಕಟ್ಟಿದೆ. ಜುಲೈ 3ರ ಬೆಳಿಗ್ಗೆ 17. ಜುಲೈ 4ಕ್ಕೆ 26. ಜುಲೈ 5ಕ್ಕೆ ಆ 41.

ಬೆಳಿಗ್ಗೆ ಬಲೆ ನೋಡುವುದು ನನಗೆ ಒಂಥರಾ ರೂಢಿಯೇ ಆಯಿತು. ಏಳು ಗಂಟೆಗೆ ಡೇರಿಯಿಂದ ಬಂದು ಖಾಲಿ ಕ್ಯಾನ್ ಬದುವಿನ ಮೇಲಿಟ್ಟು ಒಂದೊಂದೇ ಚೀಲ ಬಿಚ್ಚುವುದು. ಚೀಲದ ಬಾಯಿಗೆ ರಬ್ಬರ್ ಬ್ಯಾಂಡ್. ಬಿಚ್ಚಿದ ಕೂಡಲೇ ಕೆಲವು ಪಟಪಟ ಹೊಡೆದುಕೊಳ್ಳುತ್ತವೆ, ಬೂದಿಯಂಥ ಪುಡಿ ಬೆರಳಿಗೆ ಅಂಟುತ್ತದೆ. ಅಂಗೈ ಮೇಲೆ ಸುರಿದುಕೊಂಡರೆ ಮೊದಲು ಎಲ್ಲ ಒಂದೇ ಥರ ಕಾಣುತ್ತವೆ, ಒಣಗಿದ ಎಲೆಯ ಚೂರಿನ ಹಾಗೆ. ನಾಲ್ಕು ದಿನ ನೋಡಿದ ಮೇಲೆ ಕಣ್ಣು ಪಳಗಿತು. ಲದ್ದಿ ಹುಳದ ಗಂಡಿಗೆ ಮುಂದಿನ ರೆಕ್ಕೆಯ ತುದಿಯಲ್ಲಿ ಮುಕ್ಕೋನದ ಒಂದು ಬಿಳಿ ಮಚ್ಚೆ ಇರುತ್ತದೆ. ರೆಕ್ಕೆಯ ನಡುವೆ ಇನ್ನೊಂದು, ಓರೆಯಾಗಿ ಉಗುರಿನಿಂದ ಗೀರಿದ ಹಾಗೆ. ಹಿಂದಿನ ರೆಕ್ಕೆ ಬಿಡಿಸಿದರೆ ಬೆಳ್ಳಿಯ ಹಾಗೆ ಬೆಳ್ಳಗೆ, ಅಂಚಿಗೆ ಮಾತ್ರ ಸಣ್ಣ ಕಂದು ಗೆರೆ. ಮೊದಲ ಹನ್ನೊಂದು ದಿನಕ್ಕೆ ಬಿದ್ದ ಆ ಆರು ಚಿಟ್ಟೆಗಳನ್ನು ಮಗಳು ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದಳು. ತೆಗೆದು ಪಕ್ಕಕ್ಕಿಟ್ಟು ನೋಡಿದರೆ ಅವುಗಳ ರೆಕ್ಕೆಯ ತುಂಬ ಕೆನೆಬಣ್ಣದ ಗೆರೆಗಳು ಅಡ್ಡಾದಿಡ್ಡಿ ಹರಡಿದ್ದವು. ಇಷ್ಟು ಬೇರೆ ಬೇರೆ ಇವೆ, ನಾನು ನೋಡಿಯೇ ಇರಲಿಲ್ಲ ನೋಡಿ.

ಬೇರೆ ಜಾತಿಯ ಒಂದೊಂದು ಪತಂಗವೂ ಬೀಳುತ್ತದೆ. ಅವನ್ನು ಲೆಕ್ಕಕ್ಕೆ ಸೇರಿಸಬೇಡಿ.

ಈ ಹುಳದ ಬಗ್ಗೆ ಎರಡು ಮಾತು ಹೇಳದಿದ್ದರೆ ಬಲೆಯ ಬೆಲೆ ಗೊತ್ತಾಗುವುದಿಲ್ಲ. ಇದು ನಮ್ಮ ಹುಳವೇ ಅಲ್ಲ. ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು, 2018ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಇಡೀ ದೇಶದಲ್ಲಿ ಮೊದಲು ಇದು ಕಂಡಿದ್ದು ನಮ್ಮ ಕರ್ನಾಟಕದ ಮೆಕ್ಕೆಜೋಳದಲ್ಲಿ. ಆ ವರ್ಷ ನಮಗೆ ಹೆಸರೂ ಗೊತ್ತಿರಲಿಲ್ಲ. ಹಳೆಯ ಕಾಂಡಕೊರಕ ಅಂದುಕೊಂಡು ಹರಳು ಔಷಧಿ ಹಾಕಿದ್ದೆವು. ಆಮೇಲೆ ಫಾಲ್ ಸೈನಿಕ ಹುಳು ಎಂಬ ಹೆಸರು ಬಂತು. ಫಾಲ್ ಅಂದರೆ ಬೀಳುವುದು, ಪೈರು ಬೀಳಿಸುತ್ತೆ ಅಂತ ಆ ಹೆಸರು ಎಂದು ನಮ್ಮನೆಯವರು ಬಹಳ ದಿನ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಅದು ಹಾಗಲ್ಲ. ಅಲ್ಲಿ ಎಲೆ ಉದುರುವ ಕಾಲವನ್ನು ಫಾಲ್ ಅನ್ನುತ್ತಾರೆ. ಆ ಹೊತ್ತಿಗೆ ಇದು ದಕ್ಷಿಣದ ಬೆಚ್ಚಗಿನ ಕಡೆಯಿಂದ ಉತ್ತರದ ಹೊಲಗಳಿಗೆ ಬಂದು ಸೇರುವುದರಿಂದ ಆ ಹೆಸರು. ನಮ್ಮಲ್ಲಿ ಅಂಥ ಚಳಿಯೂ ಇಲ್ಲ, ಇದಕ್ಕೆ ವಾಪಸ್ ಹೋಗುವ ಕೆಲಸವೂ ಇಲ್ಲ. ವರ್ಷಪೂರ್ತಿ ಇಲ್ಲೇ ಇದೆ. ನಮಗೆ ಲದ್ದಿ ಹುಳ ಎಂಬ ಹೆಸರೇ ಸರಿ. ಸುಳಿಯಲ್ಲಿ ಲದ್ದಿ ನೋಡಿಯೇ ತಾನೇ ಗುರುತು ಹಿಡಿಯೋದು.

ಒಂದು ಹೆಣ್ಣು ಚಿಟ್ಟೆ ತನ್ನ ಆಯುಷ್ಯದಲ್ಲಿ ಸಾವಿರದ ಮೇಲೆ ಮೊಟ್ಟೆ ಇಡುತ್ತದೆ. ಒಂದೊಂದು ಗುಂಪಿನಲ್ಲಿ ನೂರಿನ್ನೂರು. ಮೇಲೆ ತನ್ನದೇ ಮೈಯ ರೋಮ ಹೊದಿಸುತ್ತದೆ, ಹಳೆ ರೊಟ್ಟಿಗೆ ಬೂಸು ಹಿಡಿದ ಹಾಗೆ ಕಾಣುತ್ತದೆ. ಎರಡು ಮೂರು ದಿನಕ್ಕೆ ಒಡೆಯುತ್ತವೆ. ಮರಿ ಹುಳಗಳು ಎಲೆಯನ್ನು ಕೆರೆದು ತಿನ್ನುತ್ತವೆ, ಎಲೆಯ ಮೇಲೆ ಎಣ್ಣೆ ಬಿದ್ದ ಕಾಗದದ ಥರ ತೆಳ್ಳನೆ ಕಿಟಕಿಗಳು ಮೂಡುತ್ತವೆ. ಆಮೇಲೆ ನೂಲು ಬಿಟ್ಟುಕೊಂಡು ಗಾಳಿಗೆ ಪಕ್ಕದ ಗಿಡಕ್ಕೆ ಹಾರುತ್ತವೆ. ದೊಡ್ಡದಾದಂತೆ ಒಂದನ್ನೊಂದು ತಿನ್ನುತ್ತವೆ. ಅದಕ್ಕೇ ಒಂದು ಸುಳಿಯಲ್ಲಿ ಕೊನೆಗೆ ಒಂದೇ ಹುಳ ಸಿಗೋದು. ಅಷ್ಟು ಹೊತ್ತಿಗೆ ಅದು ತಲೆ ಮೇಲೆ ತಿರುಗಿಸಿಟ್ಟ ವೈ ಅಕ್ಷರ, ಬಾಲದ ಹತ್ತಿರ ಚೌಕಾಕಾರಕ್ಕೆ ನಾಲ್ಕು ಕಪ್ಪು ಚುಕ್ಕಿ ಹೊತ್ತುಕೊಂಡು ಸುಳಿಯ ಆಳಕ್ಕೆ ಇಳಿದಿರುತ್ತದೆ. ತನ್ನದೇ ಲದ್ದಿಯನ್ನು ಮೇಲೆ ಮುಚ್ಚಿಕೊಂಡಿರುತ್ತದೆ. ಎಣ್ಣೆ ಹೊಡೆದರೂ ಅದಕ್ಕೆ ತಾಗುವುದಿಲ್ಲ. ಮುಕ್ಕಾಲು ಪಾಲು ಪೈರು ತಿನ್ನುವುದೂ ಈ ಕೊನೆಯ ದಿನಗಳಲ್ಲೇ. ಅಂದರೆ ನಾವು ಹುಳ ನೋಡಿ ಗಾಬರಿಯಾಗಿ ಅಂಗಡಿಗೆ ಓಡುವ ಹೊತ್ತಿಗೆ ತಡವಾಗಿರುತ್ತದೆ.

ಬಲೆ ಬೇಕಾಗುವುದು ಇಲ್ಲಿಗೆ. ಚಿಟ್ಟೆ ಜಾಸ್ತಿ ಬಿತ್ತು ಅಂದರೆ ಮೊಟ್ಟೆ ಬೀಳುತ್ತಿದೆ ಅಂತ ಲೆಕ್ಕ. ಇನ್ನು ನಾಲ್ಕೈದು ದಿನದಲ್ಲಿ, ಬಹಳವೆಂದರೆ ವಾರದೊಳಗೆ ಮರಿ ಹುಳ. ಆ ವಾರ ಹೊಲ ಬಿಟ್ಟು ಎಲ್ಲೂ ಹೋಗಬಾರದು. ಬಲೆ ನನಗೆ ಕೊಟ್ಟಿದ್ದು ಆ ಒಂದು ವಾರ, ಅಷ್ಟೇ. ಹುಳ ಕೊಂದುಕೊಡಲಿಲ್ಲ. ಬಿದ್ದವೆಲ್ಲ ಗಂಡು. ಉಳಿದ ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು. ಪಕ್ಕದ ಹೊಲದಲ್ಲಿ ಕೂಡಿಕೊಂಡು ನಮ್ಮ ಹೊಲಕ್ಕೆ ಮೊಟ್ಟೆ ಇಡಲು ಬರುವ ಹೆಣ್ಣಿಗೆ ನನ್ನ ಬಲೆಯ ವಾಸನೆಯಿಂದ ಏನಾಗಬೇಕು? ಒಂದೇ ರಾತ್ರಿ ನೂರು ಕಿಲೋಮೀಟರ್ ಹಾರಬಲ್ಲ ಚಿಟ್ಟೆ ಇದು. ಜಗಳೂರಿನಿಂದ ಶಿವಮೊಗ್ಗದ ಹತ್ತಿರಕ್ಕೆ ಹೋದಂತೆ! "ಕಟ್ಟಿ ಮಲಗಿ" ಎಂಬ ಮಾತು ಸುಳ್ಳು ಅಂದಿದ್ದು ಇದಕ್ಕೇ. ಕಟ್ಟಿದ ಮೇಲೆ ನಿದ್ದೆ ಕಡಿಮೆಯಾಗುತ್ತದೆ.

41 ಬಿದ್ದ ಮೇಲೆ ಮೂರು ದಿನ ಸಾಲು ಸಾಲು ಹಿಡಿದು ನೋಡಿದೆವು. ಜುಲೈ 8ಕ್ಕೆ ಮಗಳಿಗೆ ಮೊದಲ ಮೊಟ್ಟೆ ಗುಂಪು ಸಿಕ್ಕಿತು, ಎಲೆಯ ಅಡಿಯಲ್ಲಿ. ಸಂಜೆಯೊಳಗೆ ಹನ್ನೆರಡು ಗುಂಪು ಕಿತ್ತು ಸೋಪಿನ ನೀರಿಗೆ ಹಾಕಿದೆವು. ಮರುದಿನ ಹೊಲದಲ್ಲಿ ಅಂಕುಡೊಂಕಾಗಿ ನಡೆದು ಐದು ಕಡೆ ನಿಂತು, ಒಂದೊಂದು ಕಡೆ ಇಪ್ಪತ್ತು ಗಿಡ ಎಣಿಸಿದೆ. ನೂರರಲ್ಲಿ ಏಳಕ್ಕೆ ಕಿಟಕಿ ಬಿದ್ದಿತ್ತು. ನೂರಕ್ಕೆ ಐದು ದಾಟಿದರೆ ಬೇವಿನದ್ದು ಹೊಡೆಯಿರಿ ಎಂದು ರೈತ ಸಂಪರ್ಕ ಕೇಂದ್ರದವರು ಹೇಳಿದ್ದರು. 1500 ಪಿಪಿಎಂ ಬೇವಿನೆಣ್ಣೆಯ ಔಷಧಿ, ಲೀಟರಿಗೆ 5 ಮಿಲಿ. ಅದನ್ನೇ ಹೊಡೆಸಿದೆ. ಮೂಡಲ ಬದುವಿನ ಕಡೆ ಮೊದಲೇ ಹುಳ ಸೇರಿಕೊಂಡಿತ್ತಲ್ಲ, ಆ ಎಂಟು ಹತ್ತು ಸಾಲಿನಲ್ಲಿ ಬೇವು ಕೆಲಸ ಮಾಡಲ್ಲ ಅಂತ ಅತ್ತೆ ಬುಟ್ಟಿ ಹಿಡಿದು ಕೂತೇಬಿಟ್ಟರು. ಒಂಬತ್ತು ಪಾಲು ಮರಳು, ಒಂದು ಪಾಲು ಸುಣ್ಣ. ಮೂರು ಬೆರಳಲ್ಲಿ ಎತ್ತಿ ಸುಳಿಗೆ ಬಿಡೋದು. ರಂಗೋಲಿ ಹಾಕುವ ಕೈ, ಒಂದು ಚಿಟಿಕೆಯೂ ಹೊರಗೆ ಬೀಳುವುದಿಲ್ಲ. ಎರಡು ದಿನ ಬಿಟ್ಟು ಆ ಸುಳಿ ಬಿಡಿಸಿ ನೋಡಿದರೆ ಹುಳ ಸತ್ತು ಕರ್ರಗಾಗಿದ್ದವು. ಎಲ್ಲವೂ ಅಲ್ಲ, ಬಹಳಷ್ಟು.

ಜುಲೈ 19ಕ್ಕೆ ಮತ್ತೆ ಎಣಿಸಿದಾಗ ನೂರಕ್ಕೆ ಹನ್ನೊಂದು. ಆಗ ಒಂದೇ ಒಂದು ಸಲ ಎಮಾಮೆಕ್ಟಿನ್ ಎಂಬ ಎಣ್ಣೆ ಹೊಡೆಸಿದೆ. ಲೀಟರಿಗೆ 0.4 ಗ್ರಾಂ ಅಂತೆ, ನಮ್ಮ 16 ಲೀಟರ್ ಬ್ಯಾಟರಿ ಪಂಪಿಗೆ ಆರು ಗ್ರಾಂ ಮೇಲೆ ಸ್ವಲ್ಪ. ಬಿಸಿಲಿಳಿದ ಮೇಲೆ, ನಳಿಕೆ ಸುಳಿಗೇ ಹಿಡಿದು. ಹೊಡೆದ ಮೇಲೆ ಆ ಹೊಲದ ಹಸಿ ಮೇವು ಹಸುಗಳಿಗೆ ಹಾಕಲಿಲ್ಲ. ಹಾಲು ಮಾರುವವರು ಇದನ್ನು ಮರೆಯಬಾರದು.

ಹೋದ ವರ್ಷ ಮೂರು ಎಣ್ಣೆ, ಈ ವರ್ಷ ಒಂದು ಬೇವು, ಒಂದು ಎಣ್ಣೆ. ಎಲ್ಲ ಬಲೆಯ ಪುಣ್ಯ ಅಂತ ಬರೆದರೆ ಮೋಸವಾಗುತ್ತದೆ. ಪುನರ್ವಸು ಮಳೆ ಚೆನ್ನಾಗಿ ಹೊಡೆಯಿತು. ಜೋರು ಮಳೆಗೆ ಸುಳಿಯಲ್ಲಿ ನೀರು ನಿಂತು ಮರಿ ಹುಳ ಸಾಯುತ್ತವೆ. ಮೋಡದ ವಾತಾವರಣ ಹಾಗೇ ಮುಂದುವರಿದು ಆಗಸ್ಟಿನಲ್ಲಿ ಎಲೆಗಳ ಮೇಲೆ ಸೀಮೆಸುಣ್ಣದ ಚೂರಿನಂತೆ ಬೆಳ್ಳಗೆ ಬಿಗಿದುಕೊಂಡ ಹುಳ ಸಿಗತೊಡಗಿದವು. ಹುಳಕ್ಕೆ ಬರುವ ಒಂದು ಬೂಸು ರೋಗ ಅದು. ತಾನಾಗಿಯೇ ಬಂದಿದ್ದು, ನಾವೇನೂ ಹಾಕಿರಲಿಲ್ಲ. ಮಳೆಯದೆಷ್ಟು, ಬೂಸಿನದೆಷ್ಟು, ಬಲೆಯದೆಷ್ಟು ಅಂತ ಪಾಲು ಮಾಡುವುದು ನನ್ನಿಂದಾಗದ ಕೆಲಸ. ಬಲೆಯದ್ದು ಅಂತ ಖಂಡಿತ ಹೇಳಬಹುದಾದ್ದು ಒಂದೇ. ಪಕ್ಕದ ಹೊಲದವರು ಜೂನ್ 28ಕ್ಕೆ ಎಣ್ಣೆ ಹೊಡೆಸಿದಾಗ ನಾನು ಹೊಡೆಸಲಿಲ್ಲ, ಅವರು ಬಿಟ್ಟ ದಿನ ನಾನು ಹೊಡೆಸಿದೆ. ಜೂನ್ 28ಕ್ಕೆ ಸುಮ್ಮನಿದ್ದಿದ್ದು ತಪ್ಪು ಲೂರಿನ ಧೈರ್ಯದಿಂದ ಅನ್ನೋದು ಬೇರೆ ಮಾತು.

ಇನ್ನು ಪ್ಲಾಸ್ಟಿಕ್ಕಿನ ಬಗ್ಗೆ. ಇಲ್ಲಿ ನನ್ನ ತಕರಾರು ಬೇಕಾದಷ್ಟಿದೆ. ಮುಚ್ಚಳ ಮೂರು ಕಡ್ಡಿಯ ಮೇಲೆ ಕೂರುತ್ತದೆ, ಒತ್ತಿದರೆ ಟಕ್ ಅನ್ನಬೇಕು. ಹತ್ತರಲ್ಲಿ ನಾಲ್ಕು ಟಕ್ ಅನ್ನಲೇ ಇಲ್ಲ. ಆಷಾಢದ ಗಾಳಿಗೆ ಎರಡು ಮುಚ್ಚಳ ಹಾರಿಹೋದವು. ಒಂದು ಆಮೇಲೆ ಊರ ಹುಡುಗರ ಕೈಯಲ್ಲಿ ತಿರುಗುವ ತಟ್ಟೆಯಾಗಿ ಸಿಕ್ಕಿತು, ಇನ್ನೊಂದು ಇಲ್ಲ. ಚೀಲದ ತಳದಲ್ಲಿ ನೀರು ಹೋಗಲು ತೂತಿಲ್ಲ. ಒಂದು ಮಳೆ ಬಂದರೆ ಚಿಟ್ಟೆಗಳು ಕೊಳೆತು ನಾರುತ್ತವೆ, ಎಣಿಸಲು ಕೈ ಬಾರದು. ದಬ್ಬಣದಲ್ಲಿ ನಾಲ್ಕು ತೂತು ಹೊಡೆದ ಮೇಲೆ ಸರಿಹೋಯಿತು. ಮಾಡುವವರು ಕಾರ್ಖಾನೆಯಲ್ಲೇ ಹೊಡೆದು ಕಳಿಸಬಾರದಾ? ಇರುವೆ ಇನ್ನೊಂದು ಕಾಟ. ಗಳ ಹತ್ತಿ ಚೀಲಕ್ಕಿಳಿದು ಬೆಳಗಾಗುವುದರೊಳಗೆ ಚಿಟ್ಟೆಗಳನ್ನು ಚೂರು ಮಾಡಿರುತ್ತವೆ, ರೆಕ್ಕೆ ಎಣಿಸಿ ನಾಲ್ಕರಿಂದ ಭಾಗಿಸಬೇಕು. ಗಳಕ್ಕೆ ಗೇಣುದ್ದ ಗ್ರೀಸ್ ಬಳಿದೆ, ನಿಂತಿತು. ತಂತಿಯೂ ತೀರಾ ತೆಳು, ಜೊತೆಗೆ ಕೊಟ್ಟಿದ್ದನ್ನು ಬಿಸಾಡಿ ಮನೆಯದು ಹಾಕಿದೆ.

ಒಳ್ಳೆಯದೂ ಒಂದಾಯಿತು, ಯಾರೂ ಹೇಳಿರಲಿಲ್ಲ. ಬಲೆ ಕಟ್ಟಿದ ಗಳದ ತುದಿಗೆ ಕಾಜಾಣ ಬಂದು ಕೂರಲು ಶುರುಮಾಡಿದವು. ಕೂತು, ಕೆಳಗೆ ಹಾರಿ, ಹುಳ ಹೆಕ್ಕಿ, ಮತ್ತೆ ಅದೇ ಗಳಕ್ಕೆ. ಹಕ್ಕಿ ಕೂರಲೆಂದೇ ಹೊಲದಲ್ಲಿ ಅಡ್ಡಕಡ್ಡಿ ನೆಡಿ ಅನ್ನುತ್ತಾರಲ್ಲ, ಅದು ಬಿಟ್ಟಿಯಾಗಿ ಸಿಕ್ಕಿತು. ಅತ್ತೆ ಎಲ್ಲ ಗಳಕ್ಕೂ ಒಂದೊಂದು ಅಡ್ಡಕಡ್ಡಿ ಕಟ್ಟಿಸಿದರು.

ಲೂರಿನ ಆಯುಷ್ಯ ತಿಂಗಳು ಅಂತ ಕವರಿನ ಮೇಲಿದೆ. ಅದು ನಿಜವೋ, ಇನ್ನೊಂದು ಸಲ ಮಾರಲು ಹೇಳುತ್ತಾರೋ ಅಂತ ಅನುಮಾನ ಇತ್ತು. ಆಗಸ್ಟ್ ಮೊದಲ ವಾರಕ್ಕೆ ಬಲೆಗೆ ಒಂದು, ಎರಡು ಬೀಳತೊಡಗಿದವು. ಚಿಟ್ಟೆ ಕಡಿಮೆಯಾಯಿತಾ, ಲೂರು ಸುಸ್ತಾಯಿತಾ? ಹೆಚ್ಚಿಗೆ ತಂದಿದ್ದ ಹನ್ನೊಂದನೇ ಲೂರನ್ನು ನಡುವಿನ ಒಂದು ಬಲೆಗೆ ಹಾಕಿದೆ. ಬೆಳಿಗ್ಗೆ ಅದರಲ್ಲಿ ಒಂಬತ್ತು, ಅಕ್ಕಪಕ್ಕದವುಗಳಲ್ಲಿ ಒಂದು, ಸೊನ್ನೆ. ಹಾಗಾಗಿ ತಿಂಗಳ ಮಾತು ನಂಬಬಹುದು. ಖಾಲಿ ಬಲೆ ನೋಡಿ ಹುಳ ಇಲ್ಲ ಅಂದುಕೊಳ್ಳುವುದು ಎರಡನೇ ಸಲ ತಪ್ಪಿತು. ಪೈರು ಅಷ್ಟರಲ್ಲಿ ಗರಿ ಬಿಟ್ಟಿತ್ತು, ಎಣ್ಣೆ ಹೊಡೆಯುವ ಕಾಲ ಮುಗಿದಿತ್ತು, ಅದಕ್ಕೆ ಉಳಿದವನ್ನು ಬದಲಿಸಲಿಲ್ಲ.

ಆ ಹನ್ನೊಂದನೇ ಲೂರನ್ನು ಅಲ್ಲಿವರೆಗೆ ಇಟ್ಟಿದ್ದು ಫ್ರಿಜ್ಜಿನ ಮೇಲ್ಗಡೆ, ಐಸ್ ಇಡುವ ಜಾಗದಲ್ಲಿ. ಹೊರಗಿಟ್ಟರೆ ವಾಸನೆ ಹಾರಿಹೋಗುತ್ತದೆ. ಅತ್ತೆ ಎರಡು ದಿನ ಆ ಫ್ರಿಜ್ಜಿನ ಹಾಲು ಕುಡಿಯಲಿಲ್ಲ. ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ತೋರಿಸಿದ ಮೇಲೆ ಕುಡಿದರು. ಲೂರನ್ನು ಬರಿಗೈಯಲ್ಲಿ ಮುಟ್ಟಬೇಡಿ, ಅದೇ ಕವರ್ ಮಡಿಚಿ ಹಿಡಿದು ಸಿಕ್ಕಿಸಿ. ಬೇರೆ ಹುಳದ ಲೂರು ಮುಟ್ಟಿದ ಕೈಯಿಂದಂತೂ ಮುಟ್ಟಲೇಬೇಡಿ.

ಖರ್ಚು: ಬಲೆ 650, ತಪ್ಪು ಲೂರು 400, ಸರಿ ಲೂರು 495. ಒಟ್ಟು 1545. ತಪ್ಪಿನ ನಾನೂರು ಬಿಟ್ಟರೆ 1145. ಎರಡೂವರೆ ಎಕರೆಗೆ ಒಂದು ಸಲ ಎಣ್ಣೆ ಹೊಡೆಸುವ ಖರ್ಚಿನ ಅರ್ಧಕ್ಕಿಂತ ಕಡಿಮೆ. ಹಾಗಾಗಿ ನನಗೆ ಲುಕ್ಸಾನು ಅನ್ನಿಸಿಲ್ಲ. ಆದರೆ ದಿನಾ ಬೆಳಿಗ್ಗೆ ಹೊಲಕ್ಕೆ ಹೋಗದವರು, ಹದಿನೈದು ದಿನಕ್ಕೊಮ್ಮೆ ದಾವಣಗೆರೆಯಿಂದ ಬೈಕಿನಲ್ಲಿ ಬಂದು ನೋಡಿ ಹೋಗುವವರು ಇದನ್ನು ಕೊಳ್ಳಬೇಡಿ. ನಿಮಗೆ ಕೊಳೆತ ಚಿಟ್ಟೆಯ ಚೀಲ ಸಿಗುತ್ತದೆ, ಬೇರೇನಿಲ್ಲ. ಅಕ್ಕಪಕ್ಕದ ನಾಲ್ಕಾರು ಹೊಲದವರು ಸೇರಿ ಕಟ್ಟಿದರೆ ಇನ್ನೂ ಒಳ್ಳೆಯದು. ನಾನು ಕೇಳಿ ನೋಡಿದೆ. ಒಬ್ಬರು ಮುಂದಿನ ವರ್ಷ ನೋಡೋಣ ಅಂದರು. ಇನ್ನೊಬ್ಬರು, ನಿಮ್ಮ ಬಲೆಗೆ ನಮ್ಮ ಹೊಲದ ಚಿಟ್ಟೆಯೂ ಬರುತ್ತಲ್ಲ, ನಮಗ್ಯಾಕೆ ಅಂದರು. ಅದೂ ಸರಿಯೇ, ಬರುತ್ತವೆ.

ಬಲೆಗೆ ಐದರಲ್ಲಿ ಮೂರು ಕೊಡುತ್ತೇನೆ, ಮುಚ್ಚಳಕ್ಕೆ ಮತ್ತು ತೂತಿಲ್ಲದ ಚೀಲಕ್ಕೆ ಎರಡು ಕಳೆದು. ಎರಡನೇ ಸಲ ತಂದ ಲೂರಿಗೆ ಐದಕ್ಕೆ ಐದು. ಮೊದಲ ಅಂಗಡಿಗೆ ಏನೂ ಕೊಡುವುದಿಲ್ಲ.

ಈಗ ಏಳು ಬಲೆ ಗಟ್ಟಿಯಾಗಿ ಉಳಿದಿವೆ, ತೊಳೆದು ಅಟ್ಟದ ಮೇಲೆ ಹಾಕಿದ್ದೇವೆ. ಬಿಸಿಲಿಗೆ ಪ್ಲಾಸ್ಟಿಕ್ ಸೆಟೆಯದಂತೆ ಗೋಣಿಚೀಲ ಮುಚ್ಚಿದೆ. ಹಿಂಗಾರಿಗೆ ಬೋರಿನ ನೀರಿರುವ ತಮ್ಮನ ಹೊಲಕ್ಕೆ ಮೂರು ಕೊಡಬೇಕು. ಅವನೂ ಮೆಕ್ಕೆಜೋಳ ಹಾಕುತ್ತಾನಂತೆ. ಲೂರು ತರಲು ಅವನನ್ನೇ ಕಳಿಸುತ್ತೇನೆ. ಅವನಿಗೆ ಹೆಸರು ಬಾಯಲ್ಲಿ ನಿಲ್ಲುವುದಿಲ್ಲ, ಫ್ರೂಟಿ ಏನೋ ಅನ್ನುತ್ತಾನೆ. ಅದಕ್ಕೆ ಮಗಳು ಹಾಲಿನ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಫ್ರುಗಿಪರ್ಡಾ ಎಂದು ದಪ್ಪಗೆ ಬರೆದಿದ್ದಾಳೆ. ಪುಸ್ತಕ ತೋರಿಸಿ ಕೇಳು, ಕವರ್ ಓದಿಸಿಕೊಂಡು ತಾ, ಸಂಜೆ ಹಾಲಿನ ಹೊತ್ತಿಗೆ ಪುಸ್ತಕ ವಾಪಸ್ ಬೇಕು ಎಂದು ಹೇಳಿದ್ದೇನೆ.